ಮಗಳ ಹೆಸರು ವಿಮೆಗೆ ಸೇರಿದ ವರ್ಷ

ಶಾಲೆಯ ಟೀಚರಮ್ಮ ನನ್ನ ಮಗಳನ್ನು ಎತ್ತಿಕೊಂಡೇ ಮನೆಗೆ ಬಂದರು. ಎಂಟು ತುಂಬಿದ ಹುಡುಗಿ, ಕಾಲುಗಳು ಇಳಿಬಿದ್ದು ಆ ತೆಳ್ಳನೆಯ ಹೆಂಗಸಿನ ಮಂಡಿಗೆ ಬಡಿಯುತ್ತಿದ್ದವು. ಗುಬ್ಬಿಯ ನಮ್ಮ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು.

"ಬೆಳಿಗ್ಗೆ ಮಂಡಿ ನೋವು ಅಂತ ಅತ್ತಳು ಕಣಮ್ಮ. ಮಧ್ಯಾಹ್ನ ನೋಡಿದ್ರೆ ಮಂಡಿ ಸರಿಯಾಗಿದೆ, ಮೊಣಕೈ ಮುಟ್ಟೋಕೆ ಬಿಡ್ತಿಲ್ಲ. ನಾಟಕ ಆಡ್ತಾಳೆ ಅಂದ್ಕೊಂಡು ಗದರಿಸಿಬಿಟ್ಟೆ. ಹಣೆ ಮುಟ್ಟಿದ್ರೆ ಕೆಂಡ" ಎಂದು ಅವರು ಅವಳನ್ನು ಚಾಪೆಯ ಮೇಲೆ ಮಲಗಿಸಿದರು.

ನಮ್ಮ ಮನೆಯೊಳಗಿನ ಮಾತು ಉರ್ದು. ನಾನು ಓದಿದ್ದು ಮಾತ್ರ ತವರಾದ ಕುಣಿಗಲ್ಲಿನ ಕನ್ನಡ ಶಾಲೆಯಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಬರೆಯಲು ಕೂತರೆ ನನ್ನ ಕೈಗೆ ಬರುವುದು ಕನ್ನಡವೇ. ಅದಕ್ಕೇ ಮನೆಯಲ್ಲಿ ಆಡಿದ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಮ್ಮೆಜಮಾನರು ಗುಬ್ಬಿಯ ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದರು. ಮದುವೆಯ ಕೋಟು ಹೊಲಿಸಬೇಕೆಂದರೆ ಸುತ್ತಲ ಹಳ್ಳಿಗಳ ಗೌಡರೂ ಪಟೇಲರೂ ಅವರ ಅಂಗಡಿಯ ಬೆಂಚಿನ ಮೇಲೆ ಕಾದು ಕೂರುತ್ತಿದ್ದರು. ಊರಿಗೆಲ್ಲ ಅವರು 'ಮಾಸ್ಟ್ರು'. ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಳತೆ ತೆಗೆಯುವಾಗಲೂ ಎದುರಿಗಿದ್ದವರ ಮೈಗೆ ಟೇಪು ಸೋಕಿದ್ದು ಗೊತ್ತಾಗದ ಹಾಗೆ ತೆಗೆಯುತ್ತಿದ್ದರು.

ಗುಬ್ಬಿಯ ಡಾಕ್ಟರು ತುಮಕೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಮಕ್ಕಳನ್ನು ನೋಡುವ ಡಾಕ್ಟರಮ್ಮ ಮಗಳ ಎದೆಯ ಮೇಲೆ ಕೊಳವೆ ಇಟ್ಟವರು ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಎದೆ, ಬೆನ್ನು, ಮಗ್ಗುಲು, ಮತ್ತೆ ಎದೆ. ಆಮೇಲೆ ನನ್ನನ್ನು ಕೇಳಿದರು: "ಸ್ವಲ್ಪ ದಿನದ ಹಿಂದೆ ಗಂಟಲು ನೋವು ಬಂದಿತ್ತಾ?"

"ಬಂದಿತ್ತು. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದ್ಲು, ಹೋಯ್ತು."

"ಹೋಗಿಲ್ಲಮ್ಮ. ಒಳಗೆ ಇಳಿದಿದೆ. ಹೃದಯದ ಒಳಗೆ ಪುಟ್ಟ ಬಾಗಿಲುಗಳಿರುತ್ವೆ. ಅದರಲ್ಲೊಂದು ಊದಿಕೊಂಡಿದೆ."

ಗಂಟಲು ನೋವು ಯಾವ ಮಗುವಿಗೆ ಬರುವುದಿಲ್ಲ? ಅದು ಹೃದಯಕ್ಕೆ ಹೋಗಿ ಕೂರುತ್ತದೆಂದು ಯಾರು ಕಂಡಿದ್ದಾರೆ? ನಾನು ಡಾಕ್ಟರಮ್ಮನ ಬಾಯನ್ನೇ ನೋಡುತ್ತ ನಿಂತೆ. ನಮ್ಮೆಜಮಾನರು ಮಗಳ ಲಂಗದ ಅಂಚನ್ನು ಸರಿಮಾಡುತ್ತಿದ್ದರು. ಅಂಚು ಸರಿಯಾಗೇ ಇತ್ತು.

ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಆಗಬೇಕು, ದೊಡ್ಡವಳಾಗುವ ತನಕ ತಪ್ಪಿಸುವ ಹಾಗಿಲ್ಲ ಎಂದರು. ಹಾಕುವವರು ಆಸ್ಪತ್ರೆಯವರೇ ಆದರೂ ಔಷಧಿ ಅಲ್ಲಿ ಇಲ್ಲದಾಗ ಹೊರಗೆ ಕೊಳ್ಳಬೇಕಿತ್ತು. ಮೊದಮೊದಲು ತಪ್ಪಿಸಲಿಲ್ಲ. ಆಮೇಲೆ ರಂಜಾನ್ ಮುಗಿದು ಅಂಗಡಿಯಲ್ಲಿ ಕೆಲಸ ಇಳಿದಾಗ ಒಂದು ತಪ್ಪಿತು. ಮಳೆಗಾಲದಲ್ಲಿ ಔಷಧಿಯೇ ಸಿಗದೆ ಇನ್ನೊಂದು ತಪ್ಪಿತು. ಮಗಳು ನೋಡಲು ಚೆನ್ನಾಗಿಯೇ ಇದ್ದಳು. ಜ್ವರ ತಿರುಗಿ ಬಂದಾಗ ಮಾತ್ರ ನಮಗೆ ಗೊತ್ತಾಯಿತು. ಈ ಸಲ ಕೀಲು ನೋವು ಇರಲಿಲ್ಲ, ಉಸಿರೇ ಸಾಲುತ್ತಿರಲಿಲ್ಲ. ಅಡಿಗೆಮನೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು.

ಡಾಕ್ಟರಮ್ಮ ಮತ್ತೆ ಕೊಳವೆ ಇಟ್ಟು ಕೇಳಿ, "ಆ ಬಾಗಿಲು ಅಂಟಿಕೊಳ್ತಾ ಇದೆ. ಮುಂದೆ ಬೆಂಗಳೂರಲ್ಲಿ ಆಪರೇಷನ್ ಮಾಡಿಸಬೇಕಾಗುತ್ತೆ" ಎಂದರು. ನಮ್ಮ ಮುಖ ನೋಡಿ ಅವರಿಗೇ ಏನನ್ನಿಸಿತೋ, "ನಿಮ್ಮ ಯಜಮಾನ್ರು ಏನು ಕೆಲಸ? ಫ್ಯಾಕ್ಟರಿನಾ?" ಎಂದು ಕೇಳಿದರು.

"ಅಲ್ಲ ಮೇಡಂ, ಟೈಲರ್" ಎಂದರು ಇವರು.

"ಫ್ಯಾಕ್ಟರಿ ಆಗಿದ್ರೆ ಸರ್ಕಾರದ ವಿಮೆ ಇರ್ತಿತ್ತು. ಮನೆಯವರಿಗೂ, ಮಕ್ಕಳಿಗೂ ಎಲ್ಲಾ ಅದರಲ್ಲೇ ಆಗ್ತಿತ್ತು. ಇಂಜೆಕ್ಷನ್, ಆಸ್ಪತ್ರೆ, ಆಪರೇಷನ್."

ಇವರು ಮಗಳನ್ನು ಎತ್ತಿಕೊಂಡು ಎದ್ದರು. ಗುಬ್ಬಿಗೆ ಹಿಂತಿರುಗುವ ರೈಲಿನಲ್ಲಿಯೂ ಅವಳನ್ನು ಮಡಿಲಿನಿಂದ ಇಳಿಸಲಿಲ್ಲ.

ಮಗಳಿಗೆ ಪೂರ್ತಿ ವಿಶ್ರಾಂತಿ ಬೇಕೆಂದು ನಾನು ಅವಳನ್ನು ಕರೆದುಕೊಂಡು ಕುಣಿಗಲ್ಲಿಗೆ ಹೋದೆ. ನನ್ನ ತಂದೆ ಕುದುರೆಗಳಿಗೆ ಲಾಳ ಕಟ್ಟುವವರು. ಕೆಲಸ ಮುಗಿಸಿ ಬಂದು, ಮೊಮ್ಮಗಳ ಪಕ್ಕ ಕೂತು, ಯಾವ ಕುದುರೆ ಒದ್ದಿತು, ಯಾವುದು ಮಗುವಿನ ಹಾಗೆ ಕಾಲು ಕೊಟ್ಟಿತು ಎಂದು ಹೇಳುತ್ತಿದ್ದರು. ಅವಳು ನಕ್ಕರೆ ಕೆಮ್ಮು ಬರುತ್ತಿತ್ತು. ಅದಕ್ಕೇ ಅವರು ನಗಿಸುವ ಭಾಗ ಬಿಟ್ಟು ಹೇಳುವುದನ್ನು ಕಲಿತರು.

ನಮ್ಮೆಜಮಾನರು ರಜದ ದಿನ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಗುಬ್ಬಿಯ ಅಂಗಡಿ ಮುಚ್ಚಿ ತುಮಕೂರಿನ ದೊಡ್ಡ ಟೈಲರ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ, ಅಲ್ಲಿ ವರ್ಷವಿಡೀ ಕೆಲಸ ಇರುತ್ತದೆ ಎಂದಿದ್ದರು. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯ ಗುರುತನ್ನೂ ಹೇಳಿದ್ದರು. ಬಂದಾಗಲೆಲ್ಲ ಬೇಗ ನಿದ್ದೆ ಹೋಗುತ್ತಿದ್ದರು. ಉಗುರಿನ ಸಂದಿಯಲ್ಲಿ ಕಪ್ಪು ಇರುತ್ತಿತ್ತು. "ಮೆಷಿನ್ ಎಣ್ಣೆ" ಎನ್ನುತ್ತಿದ್ದರು. ನಾನು ನಂಬಿದೆ. ಟೈಲರನ ಹೆಂಡತಿ ಮೆಷಿನ್ ಎಣ್ಣೆ ಕಾಣದವಳೇನಲ್ಲ, ಆದರೂ ನಂಬಿದೆ.

ಒಂದು ವಾರ ಅವರು ಬರಲಿಲ್ಲ. ಅದೇ ವಾರ ಮಗಳ ಪಾದಗಳು ಊದಿಕೊಂಡವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ನಾನು ಬುರ್ಖಾ ಹಾಕಿಕೊಂಡು ಅವಳನ್ನು ಕರೆದುಕೊಂಡು ತುಮಕೂರಿನ ಬಸ್ ಹತ್ತಿದೆ. ಡಾಕ್ಟರಮ್ಮ ನೋಡಿ ಮಾತ್ರೆ ಕೊಟ್ಟು, ಎರಡು ದಿನ ಇಲ್ಲೇ ಹತ್ತಿರದಲ್ಲಿರಿ ಎಂದರು. ಅಲ್ಲಿಂದ ನಾನು ಆ ಟೈಲರ್ ಅಂಗಡಿ ಹುಡುಕಿಕೊಂಡು ಹೋದೆ.

ಕೌಂಟರಿನಲ್ಲಿದ್ದವರು ಕತ್ತರಿ ಕೆಳಗಿಟ್ಟು, "ಗುಬ್ಬಿ ಮಾಸ್ಟ್ರಾ? ಅವ್ರು ಇಲ್ಲಿ ಯಾವತ್ತೂ ಕೆಲ್ಸ ಮಾಡಿಲ್ವಲ್ಲಮ್ಮ" ಎಂದರು.

ಇಷ್ಟು ತಿಂಗಳು ಈ ಮನುಷ್ಯ ಎಲ್ಲಿಂದ ಎದ್ದು ಎಲ್ಲಿಗೆ ಹೋಗುತ್ತಿದ್ದ? ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಮೂಲೆಯಲ್ಲಿ ಗುಂಡಿಯ ಕಾಜಾ ಹಾಕುತ್ತಿದ್ದ ಮುದುಕರೊಬ್ಬರು ತಲೆ ಎತ್ತಿ ನೋಡಿದರು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಉರ್ದುವಿನಲ್ಲಿ ಹೇಳಿದರು: "ನಾನು ಅವರನ್ನ ಸತ್ಯಮಂಗಲದ ಹತ್ರ ನೋಡ್ದೆ ಮಗಳೇ. ಎರಕದ ಫ್ಯಾಕ್ಟ್ರಿಯಿಂದ ಹೊರಗೆ ಬರ್ತಿದ್ರು. ನನ್ನ ನೋಡಿ ಮುಖ ತಿರುಗಿಸ್ಕೊಂಡ್ರು. ನಾನೂ ಕರೀಲಿಲ್ಲ."

ತುಮಕೂರಿನ ಹೊರವಲಯದ ಸತ್ಯಮಂಗಲದಲ್ಲಿ ಆಗ ಅಲ್ಲೊಂದು ಇಲ್ಲೊಂದು ತಗಡಿನ ಶೆಡ್ಡುಗಳು ಎದ್ದಿದ್ದವು. ಎರಕದ ಕಾರ್ಖಾನೆ ಹುಡುಕುವುದು ಕಷ್ಟವಾಗಲಿಲ್ಲ, ಹೊಗೆಯೇ ದಾರಿ ತೋರಿಸಿತು. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು ಪಂಪಿನ ಭಾಗ, ಚರಂಡಿಯ ಮುಚ್ಚಳಗಳನ್ನು ಮಾಡುವ ಜಾಗ. ಗೇಟಿನ ಆಚೆ ಗಂಡಸರು ಸಾಲಾಗಿ ಕಬ್ಬಿಣದ ತುಂಡು ಹೊತ್ತು ಹೋಗುತ್ತಿದ್ದರು. ತಲೆಯಿಂದ ಕಾಲಿನ ತನಕ ಎಲ್ಲರೂ ಒಂದೇ ಕಪ್ಪು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಅವರಲ್ಲಿ ನನ್ನ ಗಂಡ ಇಲ್ಲ, ಮುದುಕರು ಯಾರನ್ನೋ ನೋಡಿ ತಪ್ಪು ತಿಳಿದಿದ್ದಾರೆ ಎಂದುಕೊಂಡು ಸಮಾಧಾನದಿಂದ ತಿರುಗುವುದರಲ್ಲಿದ್ದೆ.

"ಅಮ್ಮೀ, ಅಬ್ಬಾ ಅಲ್ಲಿ" ಎಂದಳು ಮಗಳು.

ಅದೇ ಹೊತ್ತಿಗೆ ಒಳಗಿನಿಂದ ಯಾರೋ ಕೂಗಿದರು: "ಲೋ ಸಾಬಿ! ಎಲ್ ನೋಡ್ತಾ ನಿಂತ್ಕಂಡೆ? ಹೊರ್ಲಾ ಬೇಗ!"

ಗೌಡರು, ಪಟೇಲರು 'ಮಾಸ್ಟ್ರೇ, ತೋಳು ಸ್ವಲ್ಪ ಸಡಿಲ ಇರಲಿ' ಎಂದು ಕೇಳಿಕೊಳ್ಳುತ್ತಿದ್ದ ಮನುಷ್ಯ ಆ ಮಾತಿಗೆ ತಲೆ ತಗ್ಗಿಸಿ, ಹೊತ್ತದ್ದನ್ನು ಇಳಿಸಿ, ಗೇಟಿನ ಕಡೆ ನಡೆದು ಬಂದರು. ಎಡಗಾಲಿಗೆ ಬಟ್ಟೆ ಸುತ್ತಿತ್ತು. ಕುಣಿಗಲ್ಲಿಗೆ ಬಾರದ ವಾರದ ಕಾರಣ ಅದೇ. ಕರಗಿದ ಕಬ್ಬಿಣ ಸಿಡಿದಿತ್ತು.

"ಯಾಕೆ ಬಂದೆ? ಇವಳಿಗೇನಾಯ್ತು?" ಎಂದು ಕೇಳಿದರು.

ನನಗೆ ಸಿಟ್ಟು ಬರಬೇಕಿತ್ತು. ಅವರ ಕೈಯನ್ನು, ಕಾಲನ್ನು ತೋರಿಸಿ "ಇದೇನು?" ಎಂದಷ್ಟೇ ಅಂದೆ.

"ಡಾಕ್ಟ್ರಮ್ಮ ಕೇಳಿದ್ರಲ್ಲ, ಫ್ಯಾಕ್ಟ್ರಿ ಕೆಲ್ಸನಾ ಅಂತ. ಇನ್ಮೇಲೆ ಹೌದು ಅನ್ನಬಹುದು" ಎಂದರು. "ಹೇಳಿದ್ರೆ ನೀನು ಬಿಡ್ತಿರಲಿಲ್ಲ. ಸಂಬಳದಲ್ಲಿ ವಿಮೆಗೆ ಅಂತ ಹಿಡ್ಕೊತಾ ಇದಾರೆ. ಶುರುವಿನ ಇಷ್ಟು ತಿಂಗಳು ಕಳೀಬೇಕಂತೆ, ಇನ್ನೇನು ಮುಗೀತು. ಆಮೇಲೆ ಇವಳಿಗೂ ಎಲ್ಲಾ ಸಿಗುತ್ತೆ."

ಅವರ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ನಗುತ್ತಿದ್ದರು. ಅವರ ಜೊತೆ ಅಷ್ಟು ವರ್ಷ ಸಂಸಾರ ಮಾಡಿದವಳು ನಾನು. ಇಂಥದೊಂದು ಹಟ ಅವರ ಒಳಗಿದೆ ಎಂದು ಅಂದಿನ ತನಕ ನನಗೆ ಗೊತ್ತಿರಲಿಲ್ಲ.

ತುಮಕೂರಿನ ಸದಾಶಿವನಗರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದೆವು. ಇನ್ನು ಕುಣಿಗಲ್ಲು, ಗುಬ್ಬಿ ಎರಡೂ ಬೇಡ, ಎಲ್ಲರೂ ಒಂದೇ ಕಡೆ ಇರೋಣ ಎಂದು ನಾನೇ ಹಟ ಹಿಡಿದೆ. ಅವರು ಹೇಳಿದ ತಿಂಗಳುಗಳು ಕಳೆದ ಮೇಲೆ ಮೂವರೂ ವಿಮೆಯ ದವಾಖಾನೆಗೆ ಹೋದೆವು. ಇವರು ಗುಬ್ಬಿಯಲ್ಲಿ ತಾವೇ ಹೊಲಿದುಕೊಂಡಿದ್ದ ಬಿಳಿ ಷರಟು ಹಾಕಿಕೊಂಡಿದ್ದರು.

ಅಲ್ಲಿದ್ದ ಗುಮಾಸ್ತರು ಕಾರ್ಖಾನೆಯ ಹೆಸರು ಕೇಳಿದರು, ಇವರ ಹೆಸರು ಕೇಳಿದರು, ಹುಡುಕಿದರು, ಮತ್ತೊಮ್ಮೆ ಹುಡುಕಿದರು. "ನಿಮ್ಮ ಹೆಸರು ಬಂದೇ ಇಲ್ವಲ್ರೀ."

"ಪ್ರತಿ ತಿಂಗಳೂ ಹಿಡ್ಕೊತಾರೆ ಸಾರ್."

"ಹಿಡ್ಕೊಂಡಿರಬಹುದು. ಇಲ್ಲಿಗೆ ಬಂದಿಲ್ಲ. ಆ ಫ್ಯಾಕ್ಟರಿಯಿಂದ ನಮಗೆ ಬಂದಿರೋದು ನಾಕಾರು ಜನರ ಹೆಸರು ಅಷ್ಟೇ."

ಇವರು ಮೇಜಿನ ಮೇಲೆ ಬಾಗಿದರು. ಆಮೇಲೆ ಕೇಳಿದರು, "ಸಾರ್, ಅಲ್ಲಿ ನಾಕಾರು ಜನ ಅಲ್ಲ. ಶೆಡ್ ತುಂಬ ಇದೀವಿ. ಸರಿಯಾಗಿ ನೋಡಿ." ಗುಮಾಸ್ತರು ಒಳ್ಳೆಯವರು. ಮೂರನೇ ಸಲವೂ ಹುಡುಕಿದರು.

ಮಾರನೆಯ ದಿನ ಇವರು ಮಾಲೀಕರನ್ನು ಕೇಳಿದರಂತೆ. "ಆಗುತ್ತೆ ಹೋಗಯ್ಯ. ಅವಸರ ಇದ್ರೆ ಬೇರೆ ಕಡೆ ನೋಡ್ಕೋ" ಎಂದರಂತೆ. ಬೇರೆ ಕಡೆ ನೋಡಿಕೊಂಡರೆ ಮತ್ತೆ ಮೊದಲಿನಿಂದ ಕಾಯಬೇಕು. ಮಗಳು ಕಾಯುವ ಸ್ಥಿತಿಯಲ್ಲಿರಲಿಲ್ಲ. ಕೂತೇ ನಿದ್ದೆ ಮಾಡುವುದನ್ನು ಅವಳು ಕಲಿತಿದ್ದಳು.

ಅದಾದ ಸ್ವಲ್ಪ ದಿನಕ್ಕೆ ಒಂದು ಸಂಜೆ ಇವರು ಊಟಕ್ಕೆ ಕೂತಾಗ, ಏನೂ ವಿಶೇಷವಿಲ್ಲದ ಮಾತಿನ ಹಾಗೆ ಹೇಳಿದರು: "ಇವತ್ತು ಮೈ ಸ್ವಲ್ಪ ಹಗುರ ಇದೆ. ಬೆಳಿಗ್ಗೆ ತುಂಬ ಹೊತ್ತು ಸುಮ್ನೆ ಕೂತಿದ್ವಿ. ಯಾರೋ ಆಫೀಸರ್ ಬರ್ತಾರೆ ಅಂತ ನಮ್ಮನ್ನೆಲ್ಲ ಹಿಂದಿನ ಗೋಡೆ ಆಚೆ ಹುಣಸೆಮರದ ಕೆಳಗೆ ಕೂರಿಸಿದ್ರು. ಅವರು ಹೋದ್ಮೇಲೆ ಕರೆದ್ರು."

"ಯಾವ ಆಫೀಸರ್?"

"ವಿಮೆ ಆಫೀಸಿನವರಂತೆ."

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. "ನಿಮ್ಮನ್ನ ನೋಡೋಕೆ ಬಂದವರಿಂದ ನಿಮ್ಮನ್ನೇ ಬಚ್ಚಿಟ್ರಾ?"

ಅವರು ನನ್ನ ಮುಖ ನೋಡಿದರು. ಅಲ್ಲಿಯ ತನಕ ಅವರಿಗೆ ಅದು ಹೊಳೆದಿರಲಿಲ್ಲ. ಮರದ ನೆರಳಲ್ಲಿ ಸಿಕ್ಕ ವಿಶ್ರಾಂತಿಯೊಂದೇ ಅವರ ತಲೆಯಲ್ಲಿತ್ತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಹಿಂದೆ ಎಷ್ಟೋ ಸಲ ಹಂಗೆ ಕೂರಿಸಿದಾರಂತೆ. ಹಳಬರು ಹೇಳ್ತಿದ್ರು" ಎಂದರು ಆಮೇಲೆ.

ನಾನು ಅವರಿಗೆ ಹೇಳದೆ ಮಾರನೆಯ ದಿನ ವಿಮೆ ಆಫೀಸಿಗೆ ಹೋದೆ. ಅಂಥ ಕಚೇರಿಯ ಮೆಟ್ಟಿಲು ನಾನು ಹಿಂದೆ ಹತ್ತಿದವಳಲ್ಲ. ಬಾಗಿಲಲ್ಲಿದ್ದ ಜವಾನ, "ಏನಮ್ಮ, ಯಾರ್ ಬೇಕು? ಕನ್ನಡ ಬರುತ್ತಾ?" ಎಂದ. "ಬರುತ್ತೆ. ಕಾರ್ಖಾನೆಗಳಿಗೆ ಹೋಗಿ ತಪಾಸಣೆ ಮಾಡೋ ಸಾಹೇಬ್ರು ಬೇಕು" ಎಂದೆ. ದನಿ ನಡುಗುತ್ತಿತ್ತು, ಕನ್ನಡ ನಡುಗಲಿಲ್ಲ.

ಆ ಅಧಿಕಾರಿ ನಡುವಯಸ್ಸಿನವರು. ಕೂರಲು ಹೇಳಿದರು. ನಾನು ಎಲ್ಲವನ್ನೂ ಹೇಳಿದೆ. ಮಗಳ ಹೃದಯದ ಬಾಗಿಲು, ಗುಬ್ಬಿಯ ಅಂಗಡಿ, ಸಂಬಳದಲ್ಲಿ ಹಿಡಿದುಕೊಳ್ಳುವುದು, ಹುಣಸೆಮರ. ಮರದ ಮಾತು ಬಂದಾಗ ಅವರು ಪೆನ್ನು ಕೆಳಗಿಟ್ಟರು.

"ನಿನ್ನೆ ಹೋಗಿದ್ದೋನು ನಾನೇ ಕಣಮ್ಮ. ಕುಲುಮೆ ಕೆಂಪಗೆ ಉರೀತಿತ್ತು. ಇಷ್ಟೇ ಜನ ಇಷ್ಟು ದೊಡ್ಡ ಕುಲುಮೆ ಹೆಂಗೆ ನಡೆಸ್ತೀರಯ್ಯ ಅಂತ ಕೇಳ್ದೆ. ಉಳಿದೋರು ರಜ ಅಂದ್ರು." ಅವರು ಕಿಟಕಿಯಾಚೆ ನೋಡಿದರು. "ಗೋಡೆ ಆಚೆ ಇದ್ರಾ!"

"ನಿಮ್ಮ ಜೀಪು ರಸ್ತೆ ತಿರುವಲ್ಲೇ ಕಾಣ್ಸುತ್ತೆ ಸಾರ್. ಅಷ್ಟರಲ್ಲಿ ಎಲ್ಲರನ್ನೂ ಎಬ್ಬಿಸ್ತಾರೆ."

"ಬರೆದುಕೊಡ್ತೀರಾ?"

"ಬರೆದುಕೊಟ್ರೆ ಅವರ ಕೆಲಸ ಹೋಗುತ್ತೆ ಸಾರ್. ಕೆಲಸ ಹೋದ್ರೆ ವಿಮೇನೂ ಹೋಗುತ್ತೆ. ನೀವೇ ಕಣ್ಣಾರೆ ನೋಡಿ. ಮರದ ಕಡೆಯಿಂದ ಬನ್ನಿ."

ಅವರು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ನಾನು ಎದ್ದು ಬಾಗಿಲ ತನಕ ಬಂದಾಗ ಕರೆದು ಕೇಳಿದರು: "ಮಗುಗೆ ಈಗ ವಯಸ್ಸೆಷ್ಟಮ್ಮ?" "ಹತ್ತು ನಡೀತಿದೆ ಸಾರ್" ಎಂದೆ.

ವಾರಗಳೇ ಕಳೆದವು. ನನ್ನ ಮಾತು ಆ ಕಚೇರಿಯ ಗಾಳಿಗೆ ಹಾರಿಹೋಯಿತು ಎಂದುಕೊಂಡೆ. ಒಂದು ಸಂಜೆ ಇವರು ಬಾಗಿಲು ತಳ್ಳಿಕೊಂಡು ಬಂದವರು ಕೈಕಾಲು ಕೂಡ ತೊಳೆಯದೆ ಗೋಡೆಗೊರಗಿ ಕೂತರು. ಏನಾಯಿತೆಂದು ಕೇಳಿದರೆ ಬಿಡಿಬಿಡಿಯಾಗಿ ಹೇಳಿದರು.

ಬೆಳಿಗ್ಗೆ ಜೀಪು ತಿರುವಿನಲ್ಲಿ ಕಂಡಿತು. ಎಂದಿನ ಹಾಗೆ ಇವರನ್ನೆಲ್ಲ ಗೋಡೆಯಾಚೆಗೆ ಕಳಿಸಿದರು. ಮರದ ಕೆಳಗೆ ಒಬ್ಬರು ಮೊದಲೇ ಕೂತಿದ್ದರು. ಹೊಲದ ಬದುವಿನ ಮೇಲೆ ನಡೆದು ಬಂದು ಚಪ್ಪಲಿ ಬಿಟ್ಟು ದಣಿವಾರಿಸಿಕೊಳ್ಳುತ್ತಿದ್ದ ದಾರಿಹೋಕ ಎಂದುಕೊಂಡು ಇವರೂ ಕೂತರು. ಆತ, ಏನಪ್ಪ ಇಷ್ಟು ಜನ, ಎಲ್ಲಿ ಕೆಲಸ, ಎಷ್ಟು ವರ್ಷದಿಂದ ಎಂದು ಮಾತಿಗೆಳೆದರು. ಎಲ್ಲರೂ ಸಲೀಸಾಗಿ ಹೇಳಿದರು. ಸಿ.ಎಸ್. ಪುರದ ಕಡೆಯಿಂದ ಬಂದು ಕುಲುಮೆಯ ಕೆಲಸಕ್ಕೆ ಸೇರಿದ್ದವನೊಬ್ಬ ತನ್ನ ಕೈಮೇಲಿನ ಸುಟ್ಟ ಗಾಯವನ್ನೂ ತೋರಿಸಿದ. ಎಲ್ಲ ಕೇಳಿದ ಮೇಲೆ ಆತ ಪಕ್ಕದ ಚೀಲದಿಂದ ಕಾಗದ ತೆಗೆದು, "ಸರಿ, ಈಗ ಒಬ್ಬೊಬ್ಬರೇ ಹೆಸರು ಹೇಳಿ. ಹೆಂಡತಿ ಮಕ್ಕಳ ಹೆಸರನ್ನೂ ಹೇಳಿ" ಎಂದರು. ಮುಂದಿನ ಗೇಟಿಗೆ ಬಂದಿದ್ದ ಜೀಪಿನಲ್ಲಿ ಡ್ರೈವರನನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಯಾರೋ ಹೇಳ್ಬಿಟ್ಟಿದಾರೆ" ಎಂದರು ಇವರು. "ನಾಳೆ ಗೇಟಲ್ಲೇ ನಿಲ್ಲಿಸ್ತಾರೆ. ಎಲ್ಲಾ ಮುಗೀತು."

"ಹೇಳಿದ್ದು ನಾನೇ" ಎಂದೆ.

ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸತ್ಯಮಂಗಲದ ಗೇಟಿನಲ್ಲಿ ನಾನು ಅವರನ್ನು ಹಾಗೇ ನೋಡಿರಬೇಕು. "ನೀನಾ? ಆಫೀಸಿಗೆ? ಒಬ್ಬಳೇ?" ಎಂದು ಕೇಳಿದರು. ಬೈಯಲಿಲ್ಲ. ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ಎಂದಿನ ಹೊತ್ತಿಗೇ ಹೊರಟರು.

ಗೇಟಿನಲ್ಲಿ ಮಾಲೀಕರು ಪ್ರತಿಯೊಬ್ಬರನ್ನೂ ನಿಲ್ಲಿಸಿ, ಹೇಳಿದ್ದು ಯಾರು ಎಂದು ಕೇಳಿದರಂತೆ. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರು ಬಾಯಿ ಬಿಡಲಿಲ್ಲ. ಎಲ್ಲರನ್ನೂ ಹೊರಗೆ ಹಾಕಿದರೆ ಕುಲುಮೆ ಹಚ್ಚುವವರಿಲ್ಲ, ಹೆಸರುಗಳಾಗಲೇ ಸರ್ಕಾರದ ಕೈಯಲ್ಲಿವೆ. ಬೈದು ಬೈದು ಒಳಗೆ ಬಿಟ್ಟರು. ಮಾಲೀಕರು ಕಟ್ಟದೆ ಉಳಿಸಿಕೊಂಡದ್ದು ಅವರ ಮತ್ತು ಸರ್ಕಾರದ ನಡುವಿನ ವಿಷಯ, ಅದಕ್ಕಾಗಿ ಮಕ್ಕಳ ಔಷಧಿ ನಿಲ್ಲಿಸುವ ಹಾಗಿಲ್ಲ ಎಂದು ಆ ಅಧಿಕಾರಿ ಖಡಾಖಂಡಿತವಾಗಿ ಹೇಳಿದರಂತೆ. ಸ್ವಲ್ಪ ದಿನಕ್ಕೆ ನಮ್ಮ ಕೈಗೆ ವಿಮೆಯ ಕಾರ್ಡು ಬಂತು. ಅದರಲ್ಲಿ ಮಗಳ ಹೆಸರಿತ್ತು. ಅವಳು ಅದನ್ನು ದಿನಾ ತೆಗೆದು ಓದುತ್ತಿದ್ದಳು.

ಇಷ್ಟಾದ ಮೇಲೆ ಒಂದು ಭಾನುವಾರ ಸಿ.ಎಸ್. ಪುರದ ಆ ಕೆಲಸಗಾರ ಹೆಂಡತಿಯನ್ನು ಕರೆದುಕೊಂಡು ನಮ್ಮ ರೂಮಿಗೆ ಬಂದ. ಹೇಳಿದ್ದು ನಾನೇ ಎಂದು ಇವರು ಅವನೊಬ್ಬನಿಗೆ ತಿಳಿಸಿದ್ದರು. ನಾನು ಟೀ ಕೊಟ್ಟೆ. ಆ ಹೆಂಗಸು ಕುಡಿಯಲಿಲ್ಲ. ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದಳು.

"ಅಕ್ಕಾ, ಒಂದ್ ಮಾತ್ ಕೇಳ್ಬೇಕಿತ್ತು" ಎಂದಳು. "ನಮ್ಗೊಬ್ಬ ಮಗ ಇದ್ದ. ಹೋದ್ ಮಳೆಗಾಲದಲ್ಲಿ ಹೋಗ್ಬುಟ್ಟ. ವಾಂತಿ ಭೇದಿ. ಅದೇನೋ ಬಾಟ್ಲಿ ಏರಿಸ್ಬೇಕು, ಅಡ್ವಾನ್ಸ್ ಕಟ್ಟಿ ಅಂದ್ರು. ನಮ್ತಾವ ಇರ್ಲಿಲ್ಲ. ಮನೇಗೆ ಕರ್ಕಂಡ್ ಬಂದೋ. ಆಗ್ಲೂ ಇತ್ತಾ ಅಕ್ಕಾ, ಈ ವಿಮೆ?"

ಅವಳ ಗಂಡ ಆ ಕಾರ್ಖಾನೆಗೆ ಸೇರಿ ಬಹಳ ವರ್ಷಗಳಾಗಿದ್ದವು. ಅವನ ಸಂಬಳದಲ್ಲೂ ಹಿಡಿದುಕೊಳ್ಳುತ್ತಿದ್ದರು. ಅವನೂ ಎಷ್ಟೋ ಸಲ ಆ ಮರದ ಕೆಳಗೆ ಕೂತು ಬಂದಿದ್ದ. ನಮ್ಮೆಜಮಾನರು ನನ್ನ ಕಡೆ ನೋಡಿ ಬೇಡ ಎನ್ನುವ ಹಾಗೆ ತಲೆ ಆಡಿಸಿದರು. ಇಲ್ಲ ಎಂದಿದ್ದರೆ ಅವಳು ಟೀ ಕುಡಿದು ಎದ್ದು ಹೋಗುತ್ತಿದ್ದಳೇನೋ. ಆದರೆ ಅವಳು ನೆಟ್ಟ ನೋಟದಿಂದ ನನ್ನನ್ನೇ ನೋಡುತ್ತಿದ್ದಳು. ಆ ಕಣ್ಣಿನ ಮುಂದೆ ನನಗೆ ಸುಳ್ಳು ಹೇಳಲಾಗಲಿಲ್ಲ.

"ಇತ್ತು ಕಣಮ್ಮ" ಎಂದೆ.

ಅವಳು ಅಳಲಿಲ್ಲ. "ಇತ್ತಾ" ಎಂದಳು, ಇನ್ನೊಂದು ಸಲ "ಇತ್ತಾ" ಎಂದಳು. ಗಂಡ ಎದ್ದು ಹೊರಗೆ ಹೋಗಿ ನಲ್ಲಿಯ ಕೆಳಗೆ ತಲೆ ಒಡ್ಡಿ ನಿಂತುಬಿಟ್ಟ. ನೀರು ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಪಂಚೆಗೆ ಇಳಿಯುತ್ತಿದ್ದರೂ ಅಲುಗಲಿಲ್ಲ. ನಮ್ಮ ಓಣಿಯವರೆಲ್ಲ ನೋಡುತ್ತಿದ್ದರು. ಇವರು ಹೋಗಿ ನಲ್ಲಿ ನಿಲ್ಲಿಸಿ ಅವನ ಹೆಗಲ ಮೇಲೆ ತಮ್ಮ ಟವೆಲ್ಲು ಹಾಕಿದರು. ಗಂಡ ಹೆಂಡತಿ ಮಾತಿಲ್ಲದೆ ಹೊರಟುಹೋದರು. ಇನ್ನು ಅವರು ನಮ್ಮ ಮುಖ ನೋಡುವುದಿಲ್ಲ ಎಂದುಕೊಂಡೆ.

ಮಗಳನ್ನು ಬೆಂಗಳೂರಿನ ಆಸ್ಪತ್ರೆಗೆ ಕಳಿಸಲು ದವಾಖಾನೆಯವರೇ ಬರೆದುಕೊಟ್ಟರು. ಅಲ್ಲಿ ವಾರ್ಡಿನಲ್ಲಿ ಮಂಚ ಸಿಕ್ಕ ಮೇಲೆ ಡಾಕ್ಟರು, ರಕ್ತ ಕೊಡುವವರನ್ನು ಕರೆದುಕೊಂಡು ಬನ್ನಿ ಎಂದರು. ನಮ್ಮಿಬ್ಬರದೂ ಹೊಂದಲಿಲ್ಲ. ಇವರು ತುಮಕೂರಿಗೆ ಓಡಿದರು. ಮಾರನೆಯ ದಿನ ಬರುವಾಗ ಹಿಂದೆ ಮೂರು ಜನ ಇದ್ದರು. ಮುಂದೆ ನಡೆದು ಬಂದವನು ಸಿ.ಎಸ್. ಪುರದವನೇ. "ಎಲ್ ಕೊಡ್ಬೇಕು ಸಾಬ್ರೇ, ತೋರ್ಸಿ" ಎಂದು ತೋಳು ಮಡಿಸಿಕೊಂಡೇ ಒಳಗೆ ಹೋದ. ಅವನ ರಕ್ತ ಹೊಂದಿತು.

ಆಪರೇಷನ್ ಮುಗಿಸಿ ಬಂದ ಡಾಕ್ಟರು ಬಹಳ ಚಿಕ್ಕ ವಯಸ್ಸಿನವರು. ಹೇಗೆ ಮಾಡಿದಿರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಇವರು ಕೇಳಿದರು. ಹೊಲಿಗೆಯವರಲ್ಲವೇ, ಎಲ್ಲಿ ಬಿಚ್ಚಿ ಎಲ್ಲಿ ಹೊಲಿದರು ಎಂದು ತಿಳಿಯಬೇಕಿತ್ತು.

"ಹೃದಯದಲ್ಲಿ ಸಣ್ಣ ದಾರಿ ಮಾಡಿ ಬೆರಳು ಒಳಗೆ ಬಿಟ್ಟು, ಅಂಟಿಕೊಂಡಿದ್ದ ಬಾಗಿಲನ್ನ ಬಿಡಿಸಿದ್ವಿ" ಎಂದರು ಡಾಕ್ಟರು, ತೋರುಬೆರಳನ್ನು ಎತ್ತಿ ತೋರಿಸಿ.

"ಹೃದಯ ಬಡ್ಕೊಳ್ತಾ ಇದ್ದಾಗಲೇನಾ?"

"ಬಡ್ಕೊಳ್ತಾ ಇದ್ದಾಗಲೇ."

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಹೃದಯದೊಳಗೆ ಒಬ್ಬ ಅಪರಿಚಿತನ ಬೆರಳು ಹೋಗಿ ಬಂದಿದೆ, ಅವಳು ಬದುಕಿದ್ದಾಳೆ. ಇವರು ಆ ಡಾಕ್ಟರ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಳ್ಳಲು ಹೋಗಿ, ತಮ್ಮ ಕೈ ಒರಟು ಎಂದು ನಾಚಿಯೋ ಏನೋ, ಹಿಂದೆ ಸರಿದರು. ಡಾಕ್ಟರೇ ಇವರ ಹೆಗಲು ತಟ್ಟಿ ಹೋದರು.

ಬಿಡುಗಡೆಯ ದಿನ ನನ್ನ ಬಳೆ, ಕಿವಿಯ ಓಲೆಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಸೆರಗಿನಲ್ಲಿ ಇಟ್ಟುಕೊಂಡಿದ್ದೆ. ಎಷ್ಟೇ ವಿಮೆ ಎಂದರೂ ಏನಾದರೂ ಕೇಳಿಯೇ ಕೇಳುತ್ತಾರೆ ಎಂದು. ಕಿಟಕಿಯಲ್ಲಿದ್ದಾತ ಕಾರ್ಡು ನೋಡಿ, ಮುದ್ರೆ ಒತ್ತಿ, ವಾಪಸ್ ಕೊಟ್ಟ. ನಾವು ಅಲ್ಲೇ ನಿಂತೆವು. "ಹೋಗಿ, ಇನ್ನೇನು?" ಎಂದ. ಇವರು "ಏನೂ ಇಲ್ವಾ ಸಾರ್?" ಎಂದರು. "ಏನೂ ಇಲ್ಲ ಕಣ್ರೀ, ಹಿಂದೆ ಜನ ಇದಾರೆ" ಎಂದು ಆತ ಸಿಡುಕಿದ. ಗೇಟು ದಾಟಿ ರಸ್ತೆಗೆ ಬಂದ ಮೇಲೂ ಯಾರಾದರೂ ಹಿಂದಿನಿಂದ ಕೂಗಿ ಕರೆಯುತ್ತಾರೆಂದು ನಾನು ತಿರುಗಿ ತಿರುಗಿ ನೋಡುತ್ತಿದ್ದೆ.

ಇವರು ಗುಬ್ಬಿಯ ಅಂಗಡಿಯನ್ನು ಮತ್ತೆ ತೆರೆಯಲಿಲ್ಲ. ಕೆಲಸ ಬಿಟ್ಟರೆ ಇಂಜೆಕ್ಷನ್ ನಿಲ್ಲುತ್ತದೆ ಎಂದು ಮಗಳು ದೊಡ್ಡವಳಾಗುವ ತನಕ ಎರಕದ ಶೆಡ್ಡಿನಲ್ಲೇ ಇದ್ದರು. ಅಲ್ಲಿಯ ಮೇಸ್ತ್ರಿ ಬದಲಾದ ಮೇಲೆ ಯಾರೂ ಅವರನ್ನು 'ಲೋ ಸಾಬಿ' ಎಂದು ಕೂಗಲಿಲ್ಲ. ಮಗಳು ಓದಿದಳು, ಮದುವೆಯಾದಳು. ಮಗು ಬೇಡ ಎಂದು ಡಾಕ್ಟರು ಹೇಳಿದ್ದನ್ನು ಮೀರಿ ಒಂದನ್ನು ಹೆತ್ತು ನಮ್ಮೆಲ್ಲರ ಜೀವ ಬಾಯಿಗೆ ತಂದಳು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಆಪರೇಷನ್ ಆದ ಮುಂದಿನ ವರ್ಷ ಸಿ.ಎ‌ಸ್. ಪುರದವರಿಗೆ ಹೆಣ್ಣು ಮಗು ಹುಟ್ಟಿತು. ಅದಕ್ಕೆ ಕೆಲವು ತಿಂಗಳಾಗಿದ್ದಾಗ, ಸುರಿಯುವ ಮಳೆಯಲ್ಲಿ ಆ ಹೆಂಗಸು ನಮ್ಮ ಬಾಗಿಲು ಬಡಿದಳು. ಮಗುವಿಗೆ ಬೆಳಗಿನಿಂದ ಭೇದಿ. "ಅಕ್ಕಾ, ಆ ದವಾಖಾನೆ ತಾವ ಕರ್ಕಂಡ್ ಹೋಗು" ಎಂದಳು. ಅಂದು ಟೀ ಲೋಟ ಹಿಡಿದು ಕೂತಿದ್ದ ದಿನದಿಂದ ನನ್ನ ಹತ್ತಿರ ಅವಳು ಆಡಿದ ಮೊದಲ ಮಾತು ಅದು. ಒಂದೇ ಕೊಡೆಯಲ್ಲಿ ಇಬ್ಬರೂ ಹೋದೆವು. ಡಾಕ್ಟರು ನೋಡಿ, ಹೆದರುವಂಥದ್ದೇನಿಲ್ಲ ಎಂದು ಔಷಧಿ ಬರೆದರು. ಕಾಂಪೌಂಡರ್ ಬಾಟಲಿ ಕೊಟ್ಟು, ಮನೆಗೆ ಹೋಗಿ ಕುಡಿಸಿ ಎಂದ.

ಅವಳು ಮನೆಗೆ ಹೊರಡಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು, ನನ್ನ ಕೈಗೆ ಬಾಟಲಿ ಕೊಟ್ಟು, ಮಗುವಿನ ಗಲ್ಲ ಹಿಡಿದು ಬಾಯಿ ತೆರೆಸಿದಳು. ನಾನು ಮುಚ್ಚಳದಲ್ಲಿ ಅಳೆದು ಹೊಯ್ದೆ. ಮಗು ಮುಖ ಕಿವುಚಿ ನುಂಗಿತು. ಅದು ಪೂರ್ತಿ ಕೆಳಗಿಳಿಯುವುದನ್ನು ಅವಳು ಅದರ ಗಂಟಲ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಎದ್ದಳು.